ಅಳುವುದಿಲ್ಲ ಎಂದ ರಾಜ

ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಕೊಳ್ಳುವುದರಲ್ಲಿ ಒಂದು ಲಾಭವುಂಟು. ಪುಸ್ತಕದ ಜೊತೆಗೆ ಅದರ ಹಿಂದಿನ ಒಡೆಯನೂ ಪುಕ್ಕಟೆಯಾಗಿ ಮನೆಗೆ ಬರುತ್ತಾನೆ. ನನ್ನ ‘ಕಿಂಗ್ ಲಿಯರ್’ ಜೊತೆ ಬಂದವನು ಯಾವುದೋ ಕಾಲದ ಬಿ.ಎ. ವಿದ್ಯಾರ್ಥಿ. ಹೆಸರಿದ್ದ ಹಾಳೆ ಹರಿದುಹೋಗಿದೆ. ಉಳಿದಿರುವುದು ಪೆನ್ಸಿಲಿನ ಗುರುತುಗಳು. ಹೋಲಿಕೆ ಕಂಡಲ್ಲೆಲ್ಲ ಅಡಿಗೆರೆ ಎಳೆದು ಅಂಚಿನಲ್ಲಿ ‘ಸಿಮಿಲಿ’ ಎಂದು ಬರೆದಿದ್ದಾನೆ. ಸ್ವಲ್ಪ ಗಡುಸಾದ ಕಡೆ ‘ಮೆಟಫರ್’. ಯಾರಾದರೂ ತಮಗರಿವಿಲ್ಲದೆ ಸತ್ಯ ನುಡಿದುಬಿಟ್ಟರೆ ‘ಐರನಿ, ಇಂಪಾರ್ಟೆಂಟ್’. ಬಿರುಗಾಳಿಯ ದೃಶ್ಯದ ತಲೆಯ ಮೇಲೆ ದಪ್ಪಕ್ಷರದಲ್ಲಿ ‘ಹತ್ತು ಮಾರ್ಕು’. ಅವನು ಪಾಸಾದನೋ ಇಲ್ಲವೋ ತಿಳಿಯದು. ಇಷ್ಟು ಶ್ರದ್ಧೆಯಿಂದ ಗೆರೆ ಎಳೆದವನನ್ನು ಫೇಲು ಮಾಡುವ ಧೈರ್ಯ ಯಾವ ಮೇಷ್ಟರಿಗೂ ಬಂದಿರಲಾರದು.

ನಮಗೆಲ್ಲ ಪಾಠ ಆದದ್ದೂ ಹಾಗೆಯೇ. ಪಾತ್ರದ ಒಳಗೆ ಭಾವನೆ ಮೊದಲೇ ತಯಾರಾಗಿ ಕೂತಿರುತ್ತದೆ, ಕವಿ ಅದಕ್ಕೊಂದು ಅಲಂಕಾರ ತೊಡಿಸಿ ರಂಗಕ್ಕೆ ಕಳಿಸುತ್ತಾನೆ, ನಾವು ಆ ಅಲಂಕಾರದ ಹೆಸರು ಗುರುತಿಸಿ ಉತ್ತರ ಬರೆದು ಬರುತ್ತೇವೆ. ಗೈಡುಗಳಲ್ಲಿ ಇದಕ್ಕೆ ಸಿದ್ಧ ಉತ್ತರವೂ ಇರುತ್ತಿತ್ತು. ಒಳ್ಳೆಯ ದುರಂತ ನಾಟಕ ಓದುತ್ತ ಓದುತ್ತ ನನಗೆ ಅನ್ನಿಸಿರುವುದು ಇದಕ್ಕೆ ತದ್ವಿರುದ್ಧ. ಅಲ್ಲಿನ ಜನಕ್ಕೆ ತಮಗೇನಾಗುತ್ತಿದೆ ಎಂದು ಹೇಳಲು ಬರುವುದೇ ಇಲ್ಲ. ಬೇರೆ ಏನನ್ನೋ ಹೇಳುತ್ತಾರೆ. ಆ ಬೇರೆ ಏನನ್ನೋ ಹೇಳಿಸುವುದರಲ್ಲಿಯೇ ನಾಟಕಕಾರನ ಕೈಚಳಕವೆಲ್ಲ ಇರುವುದು.

ಇದನ್ನು ನಮ್ಮ ಆಲಂಕಾರಿಕರು ಬಲು ಹಿಂದೆಯೇ ಕಂಡುಕೊಂಡಿದ್ದರು. ಹನ್ನೊಂದನೆಯ ಶತಮಾನದ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ರಸದೋಷಗಳ ಪಟ್ಟಿ ಕೊಡುತ್ತಾನೆ. ಭಾವವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದು ಆ ಪಟ್ಟಿಯಲ್ಲಿ ಮೊದಲಿಗೇ ಬರುತ್ತದೆ. ಸ್ವಶಬ್ದವಾಚ್ಯತ್ವ ಎಂದು ಅದರ ಹೆಸರು. ಶೋಕ ಶೋಕ ಎಂದು ನೂರು ಸಲ ಬರೆದರೂ ಓದುವವನ ಕಣ್ಣಲ್ಲಿ ನೀರು ಬರುವುದಿಲ್ಲ. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ ಓದಿದ ಕನ್ನಡಿಗರಿಗೆ ಇದೇನೂ ಹೊಸದಲ್ಲ. ಶಾಸ್ತ್ರ ಓದದವರಿಗೂ ಸಾವಿನ ಮನೆಯಲ್ಲಿ ಅರ್ಧ ಗಂಟೆ ಕೂತರೆ ಗೊತ್ತಾಗುತ್ತದೆ. ಅಲ್ಲಿ ಯಾರೂ ದುಃಖದ ವಿಷಯ ಮಾತಾಡುವುದಿಲ್ಲ. “ಬಸ್ಸಿನಲ್ಲಿ ಸೀಟು ಸಿಕ್ತಾ?” ಎನ್ನುತ್ತಾರೆ. “ನಾಳೆಯಿಂದ ಅರ್ಧ ಲೀಟರ್ ಸಾಕು ಅಂತ ಹಾಲಿನವನಿಗೆ ಹೇಳಿದ್ರಾ?” ಎನ್ನುತ್ತಾರೆ. ಆ ಅರ್ಧ ಲೀಟರಿನ ಮಾತಿಗೆ ಒಳಗೆ ಕೂತ ಹೆಂಗಸು ಸೆರಗು ಬಾಯಿಗೊತ್ತಿಕೊಳ್ಳುತ್ತಾಳೆ.

ಮಮ್ಮಟ ದೋಷವೆಂದದ್ದನ್ನು ಶೇಕ್ಸ್‌ಪಿಯರ್ ‘ಲಿಯರ್’ ನಾಟಕದ ಮೊದಲ ದೃಶ್ಯದಲ್ಲಿ ಬೇಕೆಂದೇ ಮಾಡಿಸುತ್ತಾನೆ, ಅದೂ ಯಾರಿಂದ ಮಾಡಿಸಬೇಕೋ ಅವರಿಂದ. ಮುದುಕ ರಾಜ ಭೂಪಟ ಹರಡಿಕೊಂಡು ಕೂತಿದ್ದಾನೆ. ಮೂವರು ಹೆಣ್ಣುಮಕ್ಕಳು. ಯಾರಿಗೆ ನನ್ನ ಮೇಲೆ ಹೆಚ್ಚು ಪ್ರೀತಿಯೋ ಹೇಳಿ, ಅದಕ್ಕೆ ತಕ್ಕ ಪಾಲು ಕೊಡುತ್ತೇನೆ ಎನ್ನುತ್ತಾನೆ. ಹಿರಿಯವಳು ಗಾನೆರಿಲ್ ಪ್ರೀತಿಯನ್ನು ಹೆಸರು ಹಿಡಿದು ಕರೆಯುತ್ತಾಳೆ. ಕಣ್ಣಿನ ದೃಷ್ಟಿಗಿಂತ ನೀನು ಹೆಚ್ಚು ಎಂಬ ಅರ್ಥದ ಮಾತಾಡುತ್ತಾಳೆ. ನನ್ನ ಪೆನ್ಸಿಲ್ ಮಹಾಶಯ ಇಲ್ಲಿ ಅತಿಶಯೋಕ್ತಿಯನ್ನು ಗುರುತಿಸಿದ್ದಾನೆ, ಸರಿಯಾಗಿಯೇ. ಆದರೆ ಎರಡು ಅಂಕ ದಾಟಿದ ಮೇಲೆ, ಲಿಯರ್‌ಗೆ ನೆರವಾದ ಮುದುಕ ಗ್ಲಾಸ್ಟರ್ ಸಿಕ್ಕಿಬೀಳುತ್ತಾನೆ. ತಂಗಿ ರೀಗನ್ ಅವನನ್ನು ನೇಣು ಹಾಕಿ ಎಂದರೆ, ಕಣ್ಣು ಕೀಳಿಸಿ ಎಂದು ಸೂಚಿಸುವವಳು ಇದೇ ಗಾನೆರಿಲ್. ಅಪ್ಪನ ಎದುರು ಬಾಯುಪಚಾರಕ್ಕೆ ಆಡಿದ ಮಾತಿನ ಕಣ್ಣು ಅಲ್ಲಿ ನಿಜವಾದ ಕಣ್ಣಾಗಿ, ರಕ್ತವಾಗಿ ಬರುತ್ತದೆ. ಆ ಹೋಲಿಕೆ ಅವಳ ಬಾಯಿಗೆ ಮೊದಲ ದಿನವೇ ಬಂದದ್ದು ಯಾಕೆ ಎಂದು ಆಗ ಯೋಚಿಸುತ್ತೇವೆ. ಅಲ್ಲಿ ಅಂಚಿನಲ್ಲಿ ಏನೂ ಬರೆದಿಲ್ಲ. ಎರಡು ಜಾಗಗಳ ನಡುವೆ ಪುಟಗಳು ಬಹಳ, ಪರೀಕ್ಷೆಗೆ ದಿನ ಕಡಿಮೆ.

ಕಿರಿಯವಳು ಕಾರ್ಡೀಲಿಯಾ. ಅಕ್ಕಂದಿರ ಮಾತು ಕೇಳುತ್ತ ನಮ್ಮ ಕಡೆ ತಿರುಗಿ ಸ್ವಗತದಲ್ಲಿ ತನ್ನ ಪಾಡು ಹೇಳಿಕೊಳ್ಳುತ್ತಾಳೆ: ಪ್ರೀತಿಸುವುದು, ಸುಮ್ಮನಿರುವುದು, ಅಷ್ಟೇ ತನ್ನ ಕೈಲಾಗುವುದು ಎಂದು. ಅಪ್ಪ ಕೇಳಿದಾಗ ಅವಳ ಉತ್ತರ, ಹೇಳಲು ಏನೂ ಇಲ್ಲ ಎಂಬುದು. ಈ ‘ಏನೂ ಇಲ್ಲ’ವನ್ನು ಅಪ್ಪ ಮಗಳು ಒಬ್ಬರಿಗೊಬ್ಬರು ಹಿಂದಿರುಗಿಸಿಕೊಳ್ಳುತ್ತಾರೆ. ಕಾರ್ಡೀಲಿಯಾ ಪೂರ್ತಿ ನಿರ್ದೋಷಿ ಎಂದು ನನಗೆ ಅನ್ನಿಸುವುದಿಲ್ಲ. ಎಂಬತ್ತು ದಾಟಿದ ಅಪ್ಪ ತುಂಬಿದ ಸಭೆಯಲ್ಲಿ ಮಗುವಿನ ಹಾಗೆ ಹಠ ಹಿಡಿದಿರುವಾಗ ಒಂದು ಸಿಹಿ ಮಾತು ಹೇಳಿದ್ದರೆ ಅವಳ ಗಂಟೇನೂ ಹೋಗುತ್ತಿರಲಿಲ್ಲ. ಅವಳೂ ಅಪ್ಪನ ಮಗಳೇ. ಆ ಮನೆತನದಲ್ಲಿ ಬಗ್ಗುವುದು ಯಾರಿಗೂ ಬಾರದು. ಇದನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಪ್ರೀತಿಯನ್ನು ಅಳೆದು ಕೊಡುತ್ತೇನೆ ಎಂದು ಹೊರಟವನನ್ನು ಲೆಕ್ಕವೇ ಬೆನ್ನು ಹತ್ತುತ್ತದೆ. ರಾಜ್ಯ ಹಂಚಿಕೊಟ್ಟು ತನಗೆಂದು ಲಿಯರ್ ಇಟ್ಟುಕೊಂಡದ್ದು ನೂರು ಮಂದಿ ಸವಾರರನ್ನು. ಗಾನೆರಿಲ್ ಐವತ್ತು ಮಂದಿಯನ್ನು ಕಡಿತ ಮಾಡುತ್ತಾಳೆ. ಅವನು ರೀಗನ್ ಬಳಿಗೆ ಓಡಿದರೆ ಅವಳು ಇಪ್ಪತ್ತೈದು ಸಾಕು ಎನ್ನುತ್ತಾಳೆ. ಆಗ ಅವನು ಮಾಡುವ ಕೆಲಸ ನೋಡಿ: ಐವತ್ತು ಎಂದರೆ ಇಪ್ಪತ್ತೈದರ ಎರಡು ಪಟ್ಟು, ಆದ್ದರಿಂದ ನಿನ್ನ ಪ್ರೀತಿ ಅವಳ ಎರಡರಷ್ಟು ಎಂದು ಲೆಕ್ಕ ಹಾಕಿ ಮತ್ತೆ ದೊಡ್ಡವಳ ಕಡೆ ತಿರುಗುತ್ತಾನೆ. ಅಷ್ಟರಲ್ಲಿ ಅವಳು ಹತ್ತಕ್ಕೆ, ಐದಕ್ಕೆ ಇಳಿದಿದ್ದಾಳೆ. ಒಬ್ಬನಾದರೂ ಯಾಕೆ ಬೇಕು ಎಂದು ರೀಗನ್ ಮುಗಿಸುತ್ತಾಳೆ. ಇಡೀ ದೃಶ್ಯದಲ್ಲಿ ಅವಮಾನ ಎಂಬ ಪದವನ್ನು ಹುಡುಕಬೇಕಾಗಿಲ್ಲ. ನೂರು, ಐವತ್ತು, ಇಪ್ಪತ್ತೈದು, ಹತ್ತು, ಐದು, ಒಂದು. ಮುದುಕ ನಮ್ಮ ಕಣ್ಣೆದುರೇ ಚೌಕಾಸಿಯಲ್ಲಿ ಕರಗಿಹೋಗುತ್ತಾನೆ. ಬರಲಿರುವ ಸೊನ್ನೆಯನ್ನು ವಿದೂಷಕ ಮೊದಲೇ ಹೇಳಿದ್ದ. ಹಿಂದೆ ಮುಂದೆ ಅಂಕಿಯಿಲ್ಲದ ಸೊನ್ನೆ ನೀನು ಎಂದು ರಾಜನ ಮುಖಕ್ಕೇ ಹೇಳುವ ಸಲಿಗೆ ಆ ಮನೆಯಲ್ಲಿ ಅವನೊಬ್ಬನಿಗೇ ಇತ್ತು.

ಈ ವಿದೂಷಕನ ಜೊತೆಯ ಒಂದು ಪುಟ್ಟ ದೃಶ್ಯವಿದೆ, ಮೊದಲ ಅಂಕದ ಕಡೆಯದು. ಇಡೀ ನಾಟಕದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದು. ರಂಗದ ಮೇಲೆ ಐದು ನಿಮಿಷವೂ ಹಿಡಿಯದು, ಅವಸರದ ನಿರ್ದೇಶಕರು ಅದಕ್ಕೇ ಮೊದಲು ಕತ್ತರಿ ಹಾಕುತ್ತಾರೆ. ಲಿಯರ್ ದೊಡ್ಡ ಮಗಳ ಮನೆಯಿಂದ ಸಿಟ್ಟು ಮಾಡಿಕೊಂಡು ಹೊರಟಿದ್ದಾನೆ. ಕುದುರೆ ಸಿದ್ಧವಾಗುವ ತನಕ ಸುಮ್ಮನೆ ನಿಂತಿರಬೇಕು. ಅವನ ಗಮನ ಬೇರೆಡೆ ಎಳೆಯಲು ವಿದೂಷಕ ಒಗಟು ಶುರುಮಾಡುತ್ತಾನೆ. ಮುಖದ ನಡುವೆ ಮೂಗು ಯಾಕಿದೆ ಗೊತ್ತಾ ಮಾವ? ಲಿಯರ್ ಗೊತ್ತಿಲ್ಲ ಎನ್ನುತ್ತಾನೆ. ವಿದೂಷಕ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಲಿಯರ್ ಇದ್ದಕ್ಕಿದ್ದಂತೆ, ಯಾರಿಗೂ ಅಲ್ಲದ ಹಾಗೆ, ಅವಳಿಗೆ ತಾನು ಅನ್ಯಾಯ ಮಾಡಿದೆ ಎಂಬ ಅರ್ಥದ ಮೂರ್ನಾಲ್ಕು ಪದ ಆಡುತ್ತಾನೆ. ಯಾವ ಅವಳು? ಹೆಸರಿಲ್ಲ. ವಿದೂಷಕ ಕೇಳದವನಂತೆ ಮುಂದುವರಿಯುತ್ತಾನೆ. ಸಿಂಪಿಯ ಚಿಪ್ಪು ಹೇಗಾಗುತ್ತೆ ಹೇಳು? ಹೋಗಲಿ, ಬಸವನಹುಳು ಮನೆ ಹೊತ್ತುಕೊಂಡು ತಿರುಗೋದು ಯಾಕೆ? ತಲೆ ಒಳಗಿಟ್ಟುಕೊಳ್ಳೋಕೆ, ಹೆಣ್ಣುಮಕ್ಕಳಿಗೆ ಕೊಟ್ಟುಬಿಡೋಕಲ್ಲ.

ಆ ಅರ್ಧ ವಾಕ್ಯವನ್ನು ಒಂದು ದೀರ್ಘ ಭಾಷಣವಾಗಿ ಬರೆಯುವುದು ಶೇಕ್ಸ್‌ಪಿಯರನಿಗೆ ಕಷ್ಟವಿರಲಿಲ್ಲ. ಪಶ್ಚಾತ್ತಾಪದ ಭಾಷಣಗಳನ್ನು ಅವನು ಬೇಕಾದಷ್ಟು ಬರೆದಿದ್ದಾನೆ. ಇಲ್ಲಿ ಮಾತ್ರ ಅದನ್ನು ಮೂಗಿಗೂ ಸಿಂಪಿಗೂ ನಡುವೆ ಸಿಕ್ಕಿಸಿದ. ಇನ್ನೊಂದು ಚೂರು ಇದಕ್ಕೂ ಸ್ವಲ್ಪ ಹಿಂದೆ ಬಂದುಹೋಗಿರುತ್ತದೆ. ಚಿಕ್ಕಮ್ಮಣ್ಣಿಯವರು ಫ್ರಾನ್ಸಿಗೆ ಹೋದಾಗಿನಿಂದ ವಿದೂಷಕ ಸೊರಗಿಹೋಗಿದ್ದಾನೆ ಎಂದು ಒಬ್ಬ ಸವಾರ ಹೇಳುತ್ತಾನೆ. ಅದನ್ನು ತಾನೂ ಗಮನಿಸಿದ್ದೇನೆ, ಆ ಮಾತು ಸಾಕು ಎಂದು ಲಿಯರ್ ತಡೆದುಬಿಡುತ್ತಾನೆ. ತಡೆದ ಮಾತಿನಿಂದ ನಮಗೆ ತಿಳಿಯುವಷ್ಟು ಆಡಿದ ಮಾತಿನಿಂದ ತಿಳಿಯುವುದಿಲ್ಲ. ಒಗಟು ಹಾಕುವವನಿಗೂ ಅದೇ ಸಂಕಟ, ಉತ್ತರ ಕೊಡುವವನಿಗೂ ಅದೇ. ಇಬ್ಬರೂ ಕೂಡಿ ಬಸವನಹುಳುವಿನ ವಿಷಯ ಮಾತಾಡುತ್ತಾರೆ.

ಇನ್ನು ಹತ್ತು ಮಾರ್ಕಿನ ಬಿರುಗಾಳಿ. ಒಳಗಿನ ತುಮುಲಕ್ಕೆ ಹೊರಗಿನ ಬಿರುಗಾಳಿ ಪ್ರತೀಕ ಎಂದು ಬರೆದರೆ ಮಾರ್ಕು ಬರುತ್ತಿತ್ತು, ಈಗಲೂ ಬರುತ್ತದೆ. ಸುಳ್ಳೇನಲ್ಲ. ನನ್ನನ್ನು ಹಿಡಿದಿರುವುದು ಮಾತ್ರ ಅದು ಶುರುವಾಗುವ ಜಾಗ. ಸವಾರರ ಲೆಕ್ಕ ಸೊನ್ನೆಗಿಳಿದ ಮೇಲೆ ಲಿಯರ್ ಮಕ್ಕಳಿಗೆ ಶಾಪ ಹಾಕಲು ಹೊರಡುತ್ತಾನೆ. ನಿಮಗೆ ಹೀಗೆ ಮಾಡುತ್ತೇನೆ, ಹಾಗೆ ಮಾಡುತ್ತೇನೆ ಎಂದು ಆರಂಭಿಸಿದ ವಾಕ್ಯ ನಡುವೆಯೇ ಮುರಿಯುತ್ತದೆ. ಏನು ಮಾಡಬೇಕೆಂದು ತನಗೇ ತಿಳಿಯದು ಎಂದು ಒಪ್ಪಿಕೊಳ್ಳುತ್ತಾನೆ. ಅಧಿಕಾರವಿದ್ದಾಗ ಅವನ ವಾಕ್ಯಗಳಿಗೆ ಯಾವತ್ತೂ ಕ್ರಿಯಾಪದದ ಕೊರತೆ ಇರಲಿಲ್ಲ. ಆಮೇಲೆ, ನಾನು ಅಳುತ್ತೇನೆ ಅಂದುಕೊಂಡಿರಾ, ಅಳುವುದಿಲ್ಲ ಎನ್ನುತ್ತಾನೆ. 1623ರ ಫೋಲಿಯೋ ಮುದ್ರಣದಲ್ಲಿ ಅದೇ ಮಾತಿನ ಮಗ್ಗುಲಲ್ಲಿ, ಭಾಷಣ ಇನ್ನೂ ಮುಗಿಯದಿರುವಾಗಲೇ, ರಂಗಸೂಚನೆ ಬರುತ್ತದೆ: ಬಿರುಗಾಳಿ, ಚಂಡಮಾರುತ. ಅಳುವುದಿಲ್ಲ ಎಂದವನ ಬಾಯಿ ಮುಚ್ಚುವ ಮೊದಲೇ ಆಕಾಶ ಶುರುಹಚ್ಚಿಕೊಳ್ಳುತ್ತದೆ.

ಆ ಕಾಲದ ರಂಗಶಾಲೆಯಲ್ಲಿ ಗುಡುಗೆಂದರೆ ನಗಾರಿ ಬಡಿಯುವುದು, ಮರದ ದೋಣಿಯೊಳಗೆ ಕಬ್ಬಿಣದ ಗುಂಡು ಉರುಳಿಸುವುದು. ಗ್ಲೋಬ್‌ನಲ್ಲಿ ಮಧ್ಯಾಹ್ನದ ಬಯಲು ಬೆಳಕಿನಲ್ಲಿ ಆಟ. ನೆತ್ತಿಯ ಮೇಲೆ ಬಿಸಿಲಿದ್ದರೂ ಇರಬಹುದು. ಕತ್ತಲೆ, ಮಳೆ, ಚಳಿ ಎಲ್ಲವನ್ನೂ ನಟ ಬಾಯಿಂದಲೇ ತರಬೇಕಾಗಿತ್ತು. ಹಾಗಾಗಿ ಲಿಯರ್ ಗಾಳಿಗೆ ಬೀಸು ಎಂದು ಆಜ್ಞೆ ಮಾಡುವುದು ಬರೀ ಉನ್ಮಾದವಲ್ಲ. ಅವನು ಆಜ್ಞೆ ಮಾಡದಿದ್ದರೆ ಅಲ್ಲಿ ಗಾಳಿಯೇ ಇರುತ್ತಿರಲಿಲ್ಲ. ಇಷ್ಟರ ಮೇಲೆ, ಬಿರುಗಾಳಿಯ ದೊಡ್ಡ ಭಾಷಣಗಳಿಗಿಂತ ನಡುವೆ ಅವನು ವಿದೂಷಕನ ಕಡೆ ತಿರುಗಿ ಚಳಿಯಾಗುತ್ತಿದೆಯೇನಪ್ಪ, ನನಗೂ ಆಗುತ್ತಿದೆ ಎಂದು ವಿಚಾರಿಸುವ ಸಾಲನ್ನೇ ನಾನು ಮತ್ತೆ ಮತ್ತೆ ಓದಿದ್ದೇನೆ. ಇನ್ನೊಬ್ಬರಿಗೆ ಚಳಿಯಾಗುತ್ತದೆ ಎಂಬುದು ಆ ರಾಜನಿಗೆ ಗೊತ್ತಾಗುವುದು ಎಂಬತ್ತು ದಾಟಿದ ಮೇಲೆ.

ಬಟ್ಟೆಯ ವಿಷಯ ಅಲ್ಲಿಂದ ಮುಂದೆ ಬಿಡದೆ ಬರುತ್ತದೆ. ಮೈಮೇಲೆ ಒಂದು ಕಂಬಳಿ ಬಿಟ್ಟರೆ ಏನೂ ಇಲ್ಲದ ಹುಚ್ಚು ಭಿಕಾರಿಯೊಬ್ಬ ಎದುರಾಗುತ್ತಾನೆ (ವೇಷ ಮರೆಸಿಕೊಂಡ ಎಡ್ಗರ್, ಗ್ಲಾಸ್ಟರನ ಮಗ ಅವನು). ಲಿಯರ್ ಅವನನ್ನು ದಿಟ್ಟಿಸಿ ನೋಡಿ, ಮನುಷ್ಯನೆಂದರೆ ಇಷ್ಟೇ ಅಲ್ಲವೇ ಎಂದು ತನ್ನ ಅಂಗಿಯ ಗುಂಡಿ ಬಿಚ್ಚಲು, ಬಟ್ಟೆ ಹರಿದುಕೊಳ್ಳಲು ಹೋಗುತ್ತಾನೆ. ಈಜಲು ಇದು ಒಳ್ಳೇ ರಾತ್ರಿಯಲ್ಲ ಮಾವ ಎಂದು ವಿದೂಷಕ ತಡೆಯುತ್ತಾನೆ. ಮೂರನೆಯ ಅಂಕ ಮುಗಿಯುವ ಹೊತ್ತಿಗೆ ವಿದೂಷಕನೇ ಕಾಣೆಯಾಗುತ್ತಾನೆ. ಯಾಕೆ, ಎಲ್ಲಿಗೆ ಎಂದು ನಾಟಕ ಹೇಳುವುದಿಲ್ಲ. ನಾಲ್ಕನೆಯ ಅಂಕದಲ್ಲಿ ಲಿಯರ್ ಕಾಡುಹೂ ಮುಡಿದು ಬರುತ್ತಾನೆ. ಮಾತು ಪದ್ಯದಿಂದ ಗದ್ಯಕ್ಕೆ ಜಾರುತ್ತದೆ, ಮತ್ತೆ ಪದ್ಯಕ್ಕೆ ಏರುತ್ತದೆ. ಹರುಕು ಬಟ್ಟೆಯಲ್ಲಿ ಸಣ್ಣ ಪಾಪವೂ ಇಣುಕುತ್ತದೆ, ಜರಿಯ ನಿಲುವಂಗಿ ಎಲ್ಲವನ್ನೂ ಮುಚ್ಚುತ್ತದೆ ಎಂಬ ವಿವೇಕವನ್ನು ಹೇಳಿ, ಆ ಉಸಿರಿನಲ್ಲೇ ತನ್ನ ಬೂಟು ಎಳೆಯಲು ಹೇಳುತ್ತಾನೆ. ಜೋರಾಗಿ ಎಳೆ, ಇನ್ನೂ ಜೋರಾಗಿ. ಎದುರಿಗಿರುವವನು ಕಣ್ಣು ಕಳೆದುಕೊಂಡ ಗ್ಲಾಸ್ಟರ್.

ಆಮೇಲೆ ಕಾರ್ಡೀಲಿಯಾ ಸಿಗುವ ದೃಶ್ಯ. ನಿದ್ದೆಯಲ್ಲಿದ್ದಾಗಲೇ ಮುದುಕನಿಗೆ ಮಡಿ ಬಟ್ಟೆ ಉಡಿಸಿದ್ದಾರೆ. ಎಚ್ಚರವಾದಾಗ ಅವನು ಹೇಳುವುದು ಆ ಬಟ್ಟೆಯ ವಿಷಯ: ಇವು ತನಗೆ ಗುರುತಿಲ್ಲ, ನಿನ್ನೆ ರಾತ್ರಿ ಎಲ್ಲಿ ಮಲಗಿದ್ದೆನೋ ಅದೂ ನೆನಪಿಲ್ಲ. ಮಗಳನ್ನು ಗುರುತಿಸಿದ ಮೇಲೆ, ನಿನ್ನ ಅಕ್ಕಂದಿರಿಗೆ ನನ್ನ ಮೇಲೆ ಸಿಟ್ಟಿಗೆ ಕಾರಣವಿರಲಿಲ್ಲ, ನಿನಗೆ ಕಾರಣವಿದೆ ಎನ್ನುತ್ತಾನೆ. ಕಾರಣವಿಲ್ಲ, ಇಲ್ಲ ಎನ್ನುತ್ತಾಳೆ ಅವಳು. ಕಾರಣ ಖಂಡಿತ ಇದೆ. ವರದಕ್ಷಿಣೆಯಿಲ್ಲದೆ, ಶಾಪ ಹಾಕಿಸಿಕೊಂಡು ದೇಶ ಬಿಟ್ಟವಳು ಅವಳು. ಮೊದಲ ದೃಶ್ಯದಲ್ಲಿ ಸತ್ಯಕ್ಕೆ ಒಂದು ಪದವನ್ನೂ ಹೆಚ್ಚಿಗೆ ಸೇರಿಸಲು ಒಪ್ಪದ ಹುಡುಗಿ ಇಲ್ಲಿ ಅಪ್ಪನಿಗಾಗಿ ಸುಳ್ಳು ಹೇಳುತ್ತಾಳೆ, ಅದೂ ಎರಡು ಸಲ. ಅಂದು ಸಭೆಯಲ್ಲಿ ಕೇಳಿದ್ದಕ್ಕೆ ಉತ್ತರ ಇಂದು ಬಂತು, ಪ್ರೀತಿ ಎಂಬ ಪದವನ್ನು ಬಳಸದೆ. ನನ್ನ ಪ್ರತಿಯಲ್ಲಿ ಇದರ ಪಕ್ಕ ‘ರಿಪಿಟಿಷನ್’ ಎಂದಿದೆ. ಸರಿ, ಮಾರ್ಕು ಕೊಡೋಣ.

ಈ ದೃಶ್ಯಕ್ಕೇ ನಾಟಕ ಮುಗಿದಿದ್ದರೆ ಎಂದು ಹಾರೈಸಿದವರು ಬಹಳ ಜನ. ನಹುಮ್ ಟೇಟ್ ಎಂಬಾತ 1681ರಲ್ಲಿ ಹಾರೈಕೆಯಲ್ಲೇ ನಿಲ್ಲದೆ ಕೊನೆಯನ್ನೇ ತಿದ್ದಿ ಬರೆದ. ಅವನ ಪ್ರಕಾರ ಲಿಯರ್‌ಗೆ ಸಿಂಹಾಸನ ಮರಳಿ ಸಿಗುತ್ತದೆ, ಕಾರ್ಡೀಲಿಯಾಗೂ ಎಡ್ಗರನಿಗೂ ಮದುವೆಯಾಗುತ್ತದೆ, ವಿದೂಷಕನಂತೂ ಇಲ್ಲವೇ ಇಲ್ಲ. ಒಂದೂವರೆ ಶತಮಾನ ಇಂಗ್ಲಿಷ್ ರಂಗಭೂಮಿ ಇದನ್ನೇ ಚಪ್ಪಾಳೆ ತಟ್ಟಿ ನೋಡಿತು. 1838ರಲ್ಲಿ ನಟ ಮ್ಯಾಕ್ರೆಡಿ ವಿದೂಷಕನನ್ನು ರಂಗಕ್ಕೆ ವಾಪಸು ಕರೆತಂದ. ಡಾಕ್ಟರ್ ಜಾನ್ಸನ್ ಅಂಥ ಗಟ್ಟಿ ಪಿಂಡವೇ ಕಾರ್ಡೀಲಿಯಾಳ ಸಾವಿಗೆ ತತ್ತರಿಸಿ, ಸಂಪಾದಕನಾಗಿ ಓದಲೇಬೇಕಾಗಿ ಬರುವ ತನಕ ಕೊನೆಯ ದೃಶ್ಯಗಳ ಕಡೆ ತಿರುಗಿ ನೋಡಲಿಲ್ಲವೆಂದು ಬರೆದುಕೊಂಡಿದ್ದಾನೆ. ಮಂಗಳದಲ್ಲಿ ಮುಗಿಯುವ ಸಂಸ್ಕೃತ ನಾಟಕಗಳ ಅಭ್ಯಾಸದ ನಾವು ಟೇಟ್‌ನನ್ನು ನೋಡಿ ನಗುವಷ್ಟು ದೂರದವರೇನಲ್ಲ.

ಕೊನೆಯಲ್ಲಿ ಲಿಯರ್ ಸತ್ತ ಮಗಳನ್ನು ಎತ್ತಿಕೊಂಡು ಬರುತ್ತಾನೆ. ಮೊದಲು ಊಳಿಡುತ್ತಾನೆ. ಆಮೇಲೆ ಕನ್ನಡಿ ಕೇಳುತ್ತಾನೆ, ಉಸಿರಿನ ಮಂಜು ಕಟ್ಟುತ್ತದೆಯೇ ನೋಡಲು. ಒಂದು ಗರಿ ಹಿಡಿದು ಅದು ಅಲುಗಿತು ಎನ್ನುತ್ತಾನೆ. ಅವಳ ದನಿ ಯಾವಾಗಲೂ ಮೆದು ಎಂದು ನೆನೆಯುತ್ತಾನೆ. ಕೇಳಿಸದಿರುವುದಕ್ಕೆ ಅದೇ ಕಾರಣವಿರಬೇಕು ಎಂಬಂತೆ. ಕಡೆಗೆ, ಇನ್ನೆಂದೂ ನೀನು ಬರುವುದಿಲ್ಲ ಎಂಬಲ್ಲಿ ಒಂದೇ ನಕಾರವನ್ನು ಸಾಲಿನ ತುಂಬ ಹೇಳುತ್ತಾನೆ. 1608ರ ಕ್ವಾರ್ಟೋದಲ್ಲಿ ಅದು ಮೂರು ಸಲ ಇದೆ, ಫೋಲಿಯೋದಲ್ಲಿ ಐದು ಸಲ. ಐದು ಸಲ ಬಂದಾಗ ಸಾಲಿನ ಹತ್ತೂ ಅಕ್ಷರಗಳು ಆ ಒಂದು ಪದಕ್ಕೇ ಖರ್ಚಾಗುತ್ತವೆ, ಛಂದಸ್ಸಿನ ಪೆಟ್ಟು ತಲೆಕೆಳಗಾಗಿ ಬೀಳುತ್ತದೆ. ಪ್ರೀತಿಯನ್ನು, ಸವಾರರನ್ನು ಎಣಿಸಿದ ಮುದುಕ ಎಣಿಸುವ ಕೊನೆಯ ಲೆಕ್ಕ ಇದು.

ಅದರ ಬೆನ್ನಿಗೇ ಅವನು, ದಯವಿಟ್ಟು ಈ ಗುಂಡಿ ಬಿಚ್ಚಿ ಎಂದು ಕೇಳುತ್ತಾನೆ. ಯಾರೋ ಬಿಚ್ಚುತ್ತಾರೆ. ಉಪಕಾರವಾಯಿತು ಸ್ವಾಮಿ ಎನ್ನುತ್ತಾನೆ. ಮೊದಲ ಅಂಕದಲ್ಲಿ ಊಟ ಒಂದು ಗಳಿಗೆ ತಡವಾದರೆ ಮನೆಯೆಲ್ಲ ಕೂಗಾಡಿದವನು ಈತ. ವಿನಯದ ಆ ಎರಡು ಮಾತಿಗೆ ಅಲಂಕಾರಶಾಸ್ತ್ರದಲ್ಲಿ ಏನು ಹೆಸರೋ. ಪೆನ್ಸಿಲ್ ಮಹಾಶಯ ಇಲ್ಲಿ ಯಾವ ಹೆಸರನ್ನೂ ಬರೆದಿಲ್ಲ. ‘ಯಾರ ಗುಂಡಿ?’ ಎಂದು ಪ್ರಶ್ನೆ ಹಾಕಿ ಬಿಟ್ಟಿದ್ದಾನೆ. ಪುಸ್ತಕದಲ್ಲೆಲ್ಲ ಅವನು ಕೇಳಿದ ಪ್ರಶ್ನೆ ಇದೊಂದೇ, ಅದೂ ಭೇಷಾದ ಪ್ರಶ್ನೆ. ಉಸಿರು ಕಟ್ಟುತ್ತಿರುವ ಲಿಯರ್‌ನ ಕೊರಳಿನದೇ, ಅಥವಾ ಉಸಿರಾಡಲೆಂದು ಅವನು ಸಡಿಲಿಸಬೇಕೆನ್ನುತ್ತಿರುವ ಮಗಳ ಅಂಗಿಯದೇ? ಪಠ್ಯದಲ್ಲಿ ಸೂಚನೆಯಿಲ್ಲ. ಮಗಳದೆಂದು ಆಡಿದರೆ ಅವನಿಗಿನ್ನೂ ಆಸೆ ಇದೆ; ತನ್ನದೆಂದು ಆಡಿದರೆ ಆಸೆ ಮುಗಿದಿದೆ. ನನ್ನ ಓಟು ಮಗಳ ಕಡೆಗೆ. ಫೋಲಿಯೋದಲ್ಲಿ ಅವನು ಕಟ್ಟಕಡೆಗೆ, ನೋಡಿ, ಅವಳ ತುಟಿ ನೋಡಿ ಎನ್ನುತ್ತ ಸಾಯುವುದರಿಂದ.

ಕನ್ನಡಕ್ಕೆ ಈ ಮುದುಕ ಬಂದು ಬಹಳ ಕಾಲವಾಯಿತು. 1899ರಲ್ಲೇ ಎಂ.ಎಸ್. ಪುಟ್ಟಣ್ಣನವರು ‘ಹೇಮಚಂದ್ರರಾಜ ವಿಲಾಸ’ವಾಗಿ ಕರೆತಂದರು, ಮುಂದೆ ಮಾಸ್ತಿಯವರು ‘ಲಿಯರ್ ಮಹಾರಾಜ’ ಕೊಟ್ಟರು. ನಮ್ಮ ಹವ್ಯಾಸಿ ತಂಡದವರೊಬ್ಬರು ಈ ನಾಟಕವನ್ನು ನಮ್ಮ ವೇಷದಲ್ಲೇ ಆಡಿಸಬೇಕೆಂದು ಹೊರಟಾಗ ತಕರಾರು ಬಂದದ್ದು ಗುಂಡಿಯಲ್ಲಿ. ಪಂಚೆ ಶಲ್ಯದ ರಾಜನಿಗೆ ಗುಂಡಿ ಎಲ್ಲಿಂದ ತರುವುದು? ಆ ಸಾಲು ತೆಗೆದುಬಿಡೋಣ ಎಂದರು ಒಬ್ಬರು. ಕೊರಳ ಹಾರ ಸಡಿಲಿಸಿ ಎಂದು ಹೇಳಿಸೋಣ ಎಂದರು ಇನ್ನೊಬ್ಬರು. ಹಾರವೆಂದರೆ ಮತ್ತೆ ರಾಜ ರಾಜನೇ ಆಗಿಬಿಡುತ್ತಾನೆ, ಬೇಡ. ವೇಷಭೂಷಣ ನೋಡಿಕೊಳ್ಳುವ ಹಿರಿಯರು ಕಸೆ ಅಂಗಿ ಹೊಲಿಸಿ ಎಂದರು, ಪಕ್ಕೆಯಲ್ಲಿ ದಾರ ಕಟ್ಟುವಂಥದ್ದು, ಅಪ್ಪನಿಗೂ ಮಗಳಿಗೂ. ಕಸೆ ಗಂಟು ಬಿದ್ದರೆ ಬಿಚ್ಚುವುದು ತಡವಾಗುತ್ತದಲ್ಲ ಎಂದು ನಿರ್ದೇಶಕರು ಅನುಮಾನಿಸಿದರು. “ಆಗಲಿ ಬಿಡಿ ಸ್ವಾಮಿ, ನಿಧಾನವಾಗಿ ಬಿಚ್ಚಲಿ,” ಎಂದರು ಅವರು, ಬಾಯಲ್ಲಿದ್ದ ಸೂಜಿ ತೆಗೆದು.